ಇಸಿಜಿ ನಾರ್ಮಲ್ ಬಂತು, ಹಾಗಾದರೆ ಆ ರಾತ್ರಿ ಆಗಿದ್ದೇನು?

ಪ್ರಶ್ನೆ: ನಮ್ಮನೆಯವರಿಗೆ 42 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಎರಡು ತಿಂಗಳ ಹಿಂದೆ ರಾತ್ರಿ ಎರಡು ಗಂಟೆಗೆ ದಡಕ್ಕನೆ ಎದ್ದು ಕೂತರು. ಎದೆ ಡವಡವ, ಮೈಯೆಲ್ಲ ಬೆವರು, ಕೈಬೆರಳು ಜೋಮು, ಬಾಯಿ ಸುತ್ತ ಚುಮುಚುಮು. "ನಾನು ಉಳಿಯಲ್ಲ, ಮಕ್ಕಳನ್ನ ನೋಡ್ಕೋ" ಅಂದುಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. "ಏನೂ ಇಲ್ಲ, ಟೆನ್ಷನ್ ಅಷ್ಟೆ" ಎಂದು ಕಳಿಸಿದರು. ಆಮೇಲೆ ಇನ್ನೂ ಮೂರು ಸಲ ಹಾಗೇ ಆಗಿದೆ, ಒಮ್ಮೆ ಬೈಕ್ ಮೇಲೆ ಹೋಗುವಾಗ. ಈಗ ಒಬ್ಬರೇ ಮಂಡಿಗೆ ಹೋಗಲು ಹೆದರುತ್ತಾರೆ. "ಮಲಗಿದ್ದವನಿಗೆ ಎಂಥಾ ಟೆನ್ಷನ್?" ಅಂತ ನನ್ನನ್ನೇ ಕೇಳುತ್ತಾರೆ. ನಮ್ಮತ್ತೆ ದೃಷ್ಟಿ ಆಗಿದೆ ಅಂತ ನಿವಾಳಿಸುತ್ತಾರೆ. ಮೆಡಿಕಲ್ ಶಾಪಿನವರು ಕೊಟ್ಟ ಒಂದು ಸಣ್ಣ ಮಾತ್ರೆ ನುಂಗಿದರೆ ಸರಿಹೋಗುತ್ತದೆ. ಇದು ಮೈ ಕಾಯಿಲೆಯೋ, ಮನಸ್ಸಿನ ಕಾಯಿಲೆಯೋ? ಕಾರ್ಟಿಸಾಲ್ ಅಂತ ಹಾರ್ಮೋನ್ ಪರೀಕ್ಷೆ ಇದೆಯಂತೆ, ಮಾಡಿಸಬೇಕಾ?

ಉತ್ತರ: ಮೊದಲು ನಿಮ್ಮ ಯಜಮಾನರ ಪ್ರಶ್ನೆಗೇ ಬರುತ್ತೇನೆ. "ಮಲಗಿದ್ದವನಿಗೆ ಎಂಥಾ ಟೆನ್ಷನ್?" ಸರಿಯಾದ ಪ್ರಶ್ನೆ. ಅದಕ್ಕೆ ಯಾರೂ ಉತ್ತರ ಕೊಡದೆ "ಏನೂ ಇಲ್ಲ" ಎಂದು ಕಳಿಸಿದ್ದರಿಂದಲೇ ಅವರಿಗೆ ನಂಬಿಕೆ ಬಂದಿಲ್ಲ. ಎದೆ ಹೊಡೆದುಕೊಂಡಿದ್ದು ನಿಜ. ಬೆವರಿದ್ದು ನಿಜ. ಬೆರಳು ಜೋಮು ಹಿಡಿದದ್ದೂ ನಿಜ. ನಿಜವಾಗಿ ಆಗಿದ್ದಕ್ಕೆ "ಏನೂ ಇಲ್ಲ" ಅಂದರೆ ಯಾರು ತಾನೇ ಒಪ್ಪುತ್ತಾರೆ? ಆ ಮಾತಿನ ಅರ್ಥ "ಹೃದಯಕ್ಕೆ ಏನೂ ಆಗಿಲ್ಲ" ಎಂದು ಮಾತ್ರ. ಹಾಗಾದರೆ ಆಗಿದ್ದೇನು ಅಂತ ಇನ್ನೆರಡು ನಿಮಿಷ ಹೇಳಿದ್ದರೆ, ಬಹುಶಃ ನೀವು ನನಗೆ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ನೀವು ಬರೆದದ್ದನ್ನು ನೋಡಿದರೆ ಇದು ಪ್ಯಾನಿಕ್ ಅಟ್ಯಾಕ್ ಎಂದೇ ಕಾಣುತ್ತದೆ. ಎದುರು ಕೂತು ನೋಡಿದ ವೈದ್ಯರೇ ಅದನ್ನು ಖಚಿತ ಮಾಡಬೇಕು, ಅದು ಬೇರೆ ಮಾತು. ಆದರೆ ದಡಕ್ಕನೆ ಬರುವುದು, ಹತ್ತು ನಿಮಿಷದೊಳಗೆ ತಾರಕಕ್ಕೆ ಏರುವುದು, ಸತ್ತೇ ಹೋಗುತ್ತೇನೆ ಅನ್ನಿಸುವುದು, ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುವುದು, ಆಮೇಲೆ ಬಟ್ಟೆ ಹಿಂಡಿದ ಹಾಗೆ ಸುಸ್ತು, ಇವೆಲ್ಲ ಅದರ ಗುರುತುಗಳು. ಇದು ಹೊಸ ಕಾಯಿಲೆಯೂ ಅಲ್ಲ, ಹೇಡಿಗಳ ಕಾಯಿಲೆಯೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಜೇಕಬ್ ಡ ಕೋಸ್ಟಾ ಎಂಬ ವೈದ್ಯರು 1871ರಲ್ಲಿ ಇಂಥದ್ದನ್ನೇ ಬರೆದರು. ಗಟ್ಟಿಮುಟ್ಟಾದ ಹುಡುಗರು, ಹೃದಯದಲ್ಲಿ ದೋಷ ಕಾಣದು, ಆದರೂ ಎದೆ ಬಡಿತ, ಏದುಸಿರು, ಎದೆನೋವು. "ಕೆರಳಿದ ಹೃದಯ" ಎಂದು ಅವರು ಅದಕ್ಕೆ ಹೆಸರಿಟ್ಟರು. ಆ ಗುಂಪಿನಲ್ಲಿ ಬೇರೆ ಬೇರೆ ಕಾಯಿಲೆಯವರು ಇದ್ದಿರಬಹುದು. ಆದರೆ ಅವರ ವಿವರಣೆಯಲ್ಲಿ ನಾವು ಇಂದು ಪ್ಯಾನಿಕ್ ಅನ್ನುವುದು ಚೆನ್ನಾಗಿಯೇ ಕಾಣುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಸಿಗಲು 1980 ಆಗಬೇಕಾಯಿತು.

ಈಗ ಮೈಯೊಳಗೆ ಇಳಿಯೋಣ. ನಮ್ಮ ಎರಡು ಕಿಡ್ನಿಗಳ ನೆತ್ತಿಯ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ. ಅಡ್ರಿನಲ್ ಗ್ರಂಥಿಗಳು. ಒಂದೊಂದು ನಾಲ್ಕೈದು ಗ್ರಾಂ ತೂಗಬಹುದು, ಅಷ್ಟೆ. ಹೊರಗೆ ಒಂದು ಪದರ, ಒಳಗೆ ತಿರುಳು. ಹೊರಪದರ ಕಾರ್ಟಿಸಾಲ್ ತಯಾರಿಸುತ್ತದೆ. ಒಳತಿರುಳು ಅಡ್ರಿನಲಿನ್ ತಯಾರಿಸುತ್ತದೆ. ಈ ತಿರುಳು ನಿಜಕ್ಕೂ ನರಗಳ ದಾಯಾದಿ. ಮಗು ಗರ್ಭದಲ್ಲಿದ್ದಾಗ ನರಗಳಾಗಿ ಬೆಳೆಯುವ ಜೀವಕೋಶಗಳ ಗುಂಪಿನಿಂದಲೇ ಒಂದು ಪಾಲು ಬಂದು ಇಲ್ಲಿ ನೆಲೆಸುತ್ತದೆ. ಹಾಗಾಗಿ ಮಿದುಳಿಗೂ ಅದಕ್ಕೂ ನಡುವೆ ಬೆನ್ನುಹುರಿಯ ಮೂಲಕ ನೇರ ತಂತಿ ಇದೆ. ಮೇಲಿಂದ ಆಜ್ಞೆ ಬಂದರೆ ಕೆಲವೇ ಸೆಕೆಂಡುಗಳಲ್ಲಿ ರಕ್ತಕ್ಕೆ ಅಡ್ರಿನಲಿನ್ ಬಿಡುತ್ತದೆ. ನಾವು ಯೋಚನೆ ಮಾಡಿ, ತೂಗಿ ನೋಡಿ, ಆಮೇಲೆ ಬಿಡುವಂಥದ್ದಲ್ಲ. ತೆಂಗಿನ ತೋಟದಲ್ಲಿ ಹೋಗುವಾಗ ಕಾಲ ಬಳಿ ಸರಕ್ಕೆಂದರೆ ಮೊದಲು ಹಾರುತ್ತೀರಿ, ಆಮೇಲೆ ತಾನೇ ಅದು ಹಾವೋ ಹಗ್ಗವೋ ಅಂತ ನೋಡುವುದು?

ಅಡ್ರಿನಲಿನ್ ಮತ್ತು ಅದರ ಜೊತೆಗೆ ಎಚ್ಚರಗೊಳ್ಳುವ ಸಿಂಪಥೆಟಿಕ್ ನರಗಳು ಮೈಯನ್ನು ಓಟಕ್ಕೋ ಹೊಡೆದಾಟಕ್ಕೋ ಸಜ್ಜು ಮಾಡುತ್ತವೆ. ಹೃದಯದ ಬಡಿತ ಏರುತ್ತದೆ. ರಕ್ತ ಚರ್ಮ ಮತ್ತು ಹೊಟ್ಟೆಯಿಂದ ತೊಡೆ ತೋಳುಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ. ಅದಕ್ಕೇ ಮುಖ ಬಿಳಿಚಿಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಮೈ ಕಾಯುವ ಮುಂಚೆಯೇ ತಂಪು ಮಾಡಲು ಬೆವರು. ಬಾಯಿ ಒಣಗುತ್ತದೆ. ಕರುಳಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಈ ಕೊನೆಯದರ ಹಿಂದೆ ಒಂದು ಕತೆ ಇದೆ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಒಂದೆರಡು ವರ್ಷದಲ್ಲೇ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿ ಬೆಕ್ಕುಗಳಿಗೆ ಊಟ ಹಾಕಿ, ಹೊಟ್ಟೆ ಹೇಗೆ ಅರೆಯುತ್ತದೆ ಎಂದು ಆ ಕಿರಣಗಳಲ್ಲಿ ನೋಡುತ್ತಿದ್ದ. ಬೆಕ್ಕು ಸಿಟ್ಟಾದರೆ, ಗಾಬರಿಯಾದರೆ, ಹೊಟ್ಟೆಯ ಚಲನೆ ಗಕ್ಕನೆ ನಿಂತುಬಿಡುತ್ತಿತ್ತು! ಅಲ್ಲಿಂದ ಹಿಡಿದ ಎಳೆಯೇ ಮುಂದೆ ಭಯ, ಕೋಪ ಮತ್ತು ಅಡ್ರಿನಲಿನ್‌ಗಿರುವ ನಂಟನ್ನು ತೋರಿಸಿಕೊಟ್ಟಿತು. ನಮ್ಮಲ್ಲಿ ಇಂಥ ರಾತ್ರಿ ಕಳೆದ ಮೇಲೆ "ಗ್ಯಾಸ್ ಆಗಿತ್ತು" ಎನ್ನುವವರು ಬಹಳ. ಹೊಟ್ಟೆ ಕಿವುಚಿದ್ದು, ಉಬ್ಬಿದ್ದು ಸುಳ್ಳಲ್ಲ. ಆದರೆ ಎಷ್ಟೋ ಸಲ ಗ್ಯಾಸ್‌ನಿಂದ ಗಾಬರಿಯಾದದ್ದಲ್ಲ, ಗಾಬರಿಯಿಂದ ಹೊಟ್ಟೆ ಕೆಟ್ಟದ್ದು.

ಇನ್ನು ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ರಕ್ತಕ್ಕೆ ಬಂದ ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವುದಿಲ್ಲ. ಎರಡು ಮೂರು ನಿಮಿಷದಲ್ಲಿ ಅರ್ಧ ಕರಗುತ್ತದೆ. ಹಾಗಿದ್ದ ಮೇಲೆ ಅಟ್ಯಾಕ್ ಇಪ್ಪತ್ತು ನಿಮಿಷ ಯಾಕೆ ಎಳೆಯುತ್ತದೆ? ಮತ್ತೆ ಮತ್ತೆ ಬಿಡುಗಡೆ ಆಗುವುದರಿಂದ. ಎದೆ ಹೊಡೆದುಕೊಂಡಿತು. "ಅಯ್ಯೋ, ಹಾರ್ಟ್ ಅಟ್ಯಾಕ್" ಎಂದುಕೊಂಡರು. ಆ ಯೋಚನೆಯೇ ಹೊಸ ಅಪಾಯ. ಮಿದುಳು ಇನ್ನೊಂದು ಸುತ್ತು ಬಿಟ್ಟಿತು. ಎದೆ ಇನ್ನೂ ಜೋರಾಯಿತು. ಮೊದಲನೇ ಸುತ್ತು ಮೈಯದು. ಎರಡನೆಯದರಿಂದ ಮುಂದಿನವು ಮನಸ್ಸು ಆ ಮೈಯನ್ನು ತಪ್ಪಾಗಿ ಓದಿಕೊಂಡಿದ್ದರಿಂದ ಬಂದವು. ಮೈ ಕಾಯಿಲೆಯೋ ಮನಸ್ಸಿನ ಕಾಯಿಲೆಯೋ ಎಂದು ಕೇಳಿದ್ದೀರಲ್ಲ, ಇಲ್ಲಿ ಯಾವ ಕಡೆ ಗೆರೆ ಎಳೆಯುತ್ತೀರಿ ಹೇಳಿ?

ಸ್ಪೇನಿನ ವೈದ್ಯ ಗ್ರೆಗೋರಿಯೊ ಮರನ್ಯೊನ್ 1924ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಆತ 210 ಜನರಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು, ಏನನ್ನಿಸುತ್ತದೆ ಎಂದು ಕೇಳಿದ. ಎಲ್ಲರಿಗೂ ಒಂದೇ ಔಷಧ. ಆದರೆ ಭಾವನೆಯಂಥದ್ದು ಏನಾದರೂ ಆಯಿತು ಎಂದವರು ಸುಮಾರು ಮೂರರಲ್ಲಿ ಒಂದು ಪಾಲು ಜನ ಮಾತ್ರ. ಉಳಿದವರು ಎದೆ ಬಡಿತ, ನಡುಕ ಎಂದು ಮೈಯ ಸಂಗತಿ ಹೇಳಿದರು. ಭಾವನೆ ಎಂದವರಲ್ಲೂ ಹೆಚ್ಚಿನವರು "ಹೆದರಿದ ಹಾಗೆ ಇದೆ, ಆದರೆ ಹೆದರಿಕೆ ಇಲ್ಲ" ಎಂಬಂಥ ಮಾತು ಹೇಳಿದರಂತೆ. ನಿಜವಾದ ಭಾವನೆ ಉಕ್ಕಿ ಬಂದದ್ದು ಕೆಲವರಿಗೆ ಮಾತ್ರ. ಅಂದರೆ ಅಡ್ರಿನಲಿನ್ ಒಬ್ಬಂಟಿಯಾಗಿ ಭಯ ಹುಟ್ಟಿಸುವುದಿಲ್ಲ. ಆ ಬಡಿತಕ್ಕೆ ಒಂದು ಅರ್ಥ ಹಚ್ಚಬೇಕು. ಡಾಕ್ಟರು ಚುಚ್ಚಿದ್ದರಿಂದ ಹೀಗಾಯಿತು ಎಂದು ಗೊತ್ತಿದ್ದವನು ಸುಮ್ಮನಿರುತ್ತಾನೆ. ನಡುರಾತ್ರಿ, ಕತ್ತಲಲ್ಲಿ, ಕಾರಣವೇ ಗೊತ್ತಿಲ್ಲದೆ ಅದೇ ಬಡಿತ ಬಂದವನು "ಮಕ್ಕಳನ್ನ ನೋಡ್ಕೋ" ಎನ್ನುತ್ತಾನೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಈಗ ಜೋಮು ಮತ್ತು ಬಾಯಿ ಸುತ್ತಲ ಚುಮುಚುಮು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ "ಲಕ್ವಾ ಹೊಡೀತು" ಎಂದು ಜನ ಹೆದರುವುದು ಇದಕ್ಕೇ. ಗಾಬರಿಯಲ್ಲಿ ನಾವು ಜೋರಾಗಿ, ಬೇಗ ಬೇಗ ಉಸಿರಾಡುತ್ತೇವೆ. ಗೊತ್ತೇ ಆಗುವುದಿಲ್ಲ. ಹಾಗೆ ಉಸಿರಾಡಿದಾಗ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಅದು ಮೊದಲೇ ತುಂಬಿರುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಆ ಹೊತ್ತಲ್ಲಿ ಬೆರಳಿಗೆ ಹಾಕಿ ನೋಡಿ. "ಉಸಿರೇ ಸಾಲುತ್ತಿಲ್ಲ" ಎನ್ನುವವರ ಬೆರಳಲ್ಲಿ ಸಾಮಾನ್ಯವಾಗಿ 98, 99 ತೋರಿಸುತ್ತಿರುತ್ತದೆ. ಕಮ್ಮಿಯಾಗುವುದು ಇಂಗಾಲದ ಡೈಆಕ್ಸೈಡ್. ಅದು ಬರೀ ಕಸ, ಹೊರಹಾಕಿದಷ್ಟೂ ಒಳ್ಳೆಯದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಲ್ಲ. ರಕ್ತದ ಆಮ್ಲ ಮತ್ತು ಕ್ಷಾರದ ಹದ ಕಾಯುವುದರಲ್ಲಿ ಅದರ ಪಾಲು ದೊಡ್ಡದು.

ಅದು ಇಳಿದರೆ ಎರಡು ಸಂಗತಿ ಆಗುತ್ತವೆ. ಒಂದು, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಇಂಗಾಲದ ಡೈಆಕ್ಸೈಡ್ ಅರ್ಧಕ್ಕೆ ಇಳಿದರೆ ಮಿದುಳಿಗೆ ಹೋಗುವ ರಕ್ತವೂ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ಅಷ್ಟರ ಮಟ್ಟಿಗೆ ಇಳಿಯದಿದ್ದರೂ ತಲೆ ಹಗುರ, ಕಣ್ಣು ಮಂಜು, "ನಾನು ಇಲ್ಲಿಲ್ಲವೇನೋ" ಎಂಬ ವಿಚಿತ್ರ ಅನುಭವ ಬರಲು ಸಾಕು. ಎರಡು, ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡು ಕಮ್ಮಿಯಾಗುತ್ತದೆ. ಬಿಡಿ ಕ್ಯಾಲ್ಸಿಯಂ ಕಮ್ಮಿಯಾದರೆ ನರಗಳು ಸುಮ್ಮಸುಮ್ಮನೆ ಮಿಡಿಯತೊಡಗುತ್ತವೆ. ಮೊದಲು ಬೆರಳ ತುದಿ, ತುಟಿ ಸುತ್ತ. ಜಾಸ್ತಿಯಾದರೆ ಬೆರಳುಗಳು ಸೆಟೆದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪಾರ್ಶ್ವವಾಯುವಿನ ಮರಗಟ್ಟುವಿಕೆ ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಬರುತ್ತದೆ, ಜೊತೆಗೆ ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಇರಬಹುದು. ಇದು ಹೆಚ್ಚಾಗಿ ಎರಡೂ ಕೈಗೆ ಬಂದು, ಉಸಿರು ನಿಧಾನವಾದರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೇ ಉಪಾಯ ಬೇಡ. ನಿಜವಾದ ಹೃದಯದ ತೊಂದರೆಯೋ ಉಬ್ಬಸವೋ ಇದ್ದವರಿಗೆ ಅದು ಅಪಾಯ.

ಸರಿ, ಮಲಗಿದ್ದವರಿಗೆ ಯಾಕೆ ಬಂತು? ನಿದ್ದೆಯಲ್ಲಿ ಬರುವ ಪ್ಯಾನಿಕ್ ಅಪರೂಪವಲ್ಲ. ಅದು ಕೆಟ್ಟ ಕನಸಿನಿಂದ ಬರುವುದಲ್ಲ. ಕನಸುಗಳು ಗಾಢವಾಗುವುದು ಬೆಳಗಿನ ಜಾವದ ಕಡೆಗೆ. ಈ ಅಟ್ಯಾಕ್ ಸಾಮಾನ್ಯವಾಗಿ ಮಲಗಿ ಒಂದರಿಂದ ಮೂರು ಗಂಟೆಯೊಳಗೆ, ತೆಳು ನಿದ್ದೆಯಿಂದ ಗಾಢ ನಿದ್ದೆಗೆ ಇಳಿಯುವ ಹೊತ್ತಲ್ಲಿ ಬರುತ್ತದೆ. ಆಗ ಉಸಿರು ನಿಧಾನವಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರುತ್ತದೆ. ಎಲ್ಲರಿಗೂ ಏರುತ್ತದೆ. ಕೆಲವರ ಮಿದುಳು ಮಾತ್ರ ಆ ಸಣ್ಣ ಏರಿಕೆಯನ್ನೇ "ಉಸಿರು ಕಟ್ಟುತ್ತಿದೆ" ಎಂದು ಓದಿಬಿಡುತ್ತದೆ. ಅಮೆರಿಕದ ಮನೋವೈದ್ಯ ಡೊನಾಲ್ಡ್ ಕ್ಲೈನ್ 1993ರಲ್ಲಿ ಮುಂದಿಟ್ಟ ವಿಚಾರ ಇದೇ: ಪ್ಯಾನಿಕ್ ಎಂದರೆ ಉಸಿರುಕಟ್ಟುವಿಕೆಯ ಸುಳ್ಳು ಅಲಾರಂ. ಎಲ್ಲಾ ಪ್ಯಾನಿಕ್‌ಗೂ ಇದೊಂದೇ ವಿವರಣೆ ಸಾಲದು. ನಿದ್ದೆಯಲ್ಲಿ ಬರುವುದಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತದೆ ಎಂದು ನನಗನ್ನಿಸುತ್ತದೆ.

ಇದಕ್ಕೊಂದು ಸಾಕ್ಷಿ ಇದೆ, ನನಗೆ ಬಹಳ ಇಷ್ಟವಾದದ್ದು. ಮಿದುಳಿನ ಆಳದಲ್ಲಿ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವಿದೆ. ಎಡಕ್ಕೊಂದು, ಬಲಕ್ಕೊಂದು. ಪತ್ರಿಕೆಗಳು ಅದನ್ನು "ಭಯದ ಕೇಂದ್ರ" ಎಂದು ಕರೆದೂ ಕರೆದೂ ಸವೆಸಿವೆ. ಅಮೆರಿಕದ ಅಯೋವಾದ ಸಂಶೋಧಕರು ಅಧ್ಯಯನ ಮಾಡಿದ ಒಬ್ಬ ಹೆಂಗಸಿಗೆ, ಅಪರೂಪದ ಒಂದು ಕಾಯಿಲೆಯಿಂದ, ಎರಡೂ ಅಮಿಗ್ಡಲ ನಾಶವಾಗಿದ್ದವು. ಆಕೆಯನ್ನು ಹಾವು, ಜೇಡ ಮಾರುವ ಅಂಗಡಿಗೆ ಕರೆದೊಯ್ದರು. ಹಾವನ್ನು ಕೈಯಲ್ಲಿ ಹಿಡಿದು ಸವರಿದಳು. ದೆವ್ವದ ಮನೆಗೆ ಕರೆದೊಯ್ದರೆ ಎಲ್ಲರಿಗಿಂತ ಮುಂದೆ ನಡೆದಳು. ಹೆದರಿಕೆ ಎಂಬುದೇ ಇರಲಿಲ್ಲ. ಆಮೇಲೆ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೇಕಡ 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಂದೇ ಒಂದು ಸಲ ಮೂಸಿಸಿದರು. ಉಸಿರಿಗೆ ಒದ್ದಾಡಿ, ಮುಖದ ಮಾಸ್ಕ್ ಕಿತ್ತುಕೊಳ್ಳಲು ನೋಡಿದಳು. ಪೂರಾ ಪ್ಯಾನಿಕ್! ಇದೇ ಕಾಯಿಲೆಯಿದ್ದ ಬೇರೆ ಇಬ್ಬರು ಅವಳಿ ಸೋದರಿಯರಿಗೂ ಹಾಗೇ ಆಯಿತು. ಆರೋಗ್ಯವಂತರಾದ 12 ಜನರಲ್ಲಿ ಪ್ಯಾನಿಕ್ ಆದದ್ದು ಮೂವರಿಗೆ ಮಾತ್ರ.

ಯೋಚನೆ ಮಾಡಿ. ಹಾವಿಗೂ ಹೆದರದವಳನ್ನು ಒಂದು ಉಸಿರು ಹೆದರಿಸಿತು. ಅಂದರೆ ಹೊರಗಿನ ಅಪಾಯ ನೋಡುವ ಕಾವಲು ಬೇರೆ, ಮೈಯೊಳಗಿನ ರಸಾಯನ ನೋಡುವ ಕಾವಲು ಬೇರೆ. ಎರಡನೆಯದು ಇನ್ನೂ ಹಳೆಯದು, ಇನ್ನೂ ಕೆಳಗಿನದು, ಉಸಿರನ್ನು ನಡೆಸುವ ಮಿದುಳಕಾಂಡದ ಸುತ್ತಮುತ್ತಲಿನದು. ಅದಕ್ಕೆ ಸಾಲದ ಚಿಂತೆ, ಮಗಳ ಮದುವೆಯ ಚಿಂತೆ ಬೇಕಿಲ್ಲ. ನಿಮ್ಮ ಯಜಮಾನರು "ನನಗೆ ಟೆನ್ಷನ್ ಇರಲಿಲ್ಲ" ಎಂದರೆ ನಂಬಿ.

ನಾನು ರೋಗಿಗಳಿಗೆ ಇದನ್ನು ಹೀಗೆ ಹೇಳುತ್ತೇನೆ. ತೋಟದ ಮನೆಯಲ್ಲಿ ನಾಯಿ ಕಟ್ಟಿದ್ದೀರಿ. ರಾತ್ರಿ ಒಣಗಿದ ತೆಂಗಿನ ಗರಿ ಬಿತ್ತು. ನಾಯಿ ಬೊಗಳಿತು. ಕಳ್ಳ ಬಂದಿಲ್ಲ. ಹಾಗಂತ ಬೊಗಳಿದ್ದು ಸುಳ್ಳಲ್ಲ, ನಾಯಿಗೆ ಕಾಯಿಲೆಯೂ ಅಲ್ಲ. ಸ್ವಲ್ಪ ಜಾಸ್ತಿ ಚುರುಕು, ಅಷ್ಟೆ. ಪ್ರತಿ ಸಲ ಮನೆಮಂದಿಯೆಲ್ಲ ದೊಣ್ಣೆ, ಟಾರ್ಚು ಹಿಡಿದು ಹೊರಗೆ ಓಡಿದರೆ ನಾಯಿ ಏನು ಕಲಿಯುತ್ತದೆ? ಗರಿ ಬಿದ್ದರೂ ಬೊಗಳಬೇಕು ಎಂದು.

ಬೈಕ್‌ನ ಭಯ ಹುಟ್ಟಿದ್ದೂ ಹೀಗೇ. ಒಮ್ಮೆ ಬೈಕ್ ಮೇಲೆ ಅಟ್ಯಾಕ್ ಬಂತು. ಆ ರಸ್ತೆ, ಆ ಬಿಸಿಲು, ಹೆಲ್ಮೆಟ್‌ನೊಳಗಿನ ಸೆಕೆ ಎಲ್ಲವೂ ಅದರ ಜೊತೆ ಗಂಟು ಬಿದ್ದವು. ಈ ಗಂಟು ಹಾಕುವ ಕೆಲಸ ಮಾತ್ರ ಅಮಿಗ್ಡಲದ್ದೇ. ಬೈಕ್ ಹತ್ತದಿದ್ದರೆ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ "ನೋಡು, ಹತ್ತಿದ್ದರೆ ಸಾಯುತ್ತಿದ್ದೆ" ಎಂದು ಗಂಟನ್ನು ಬಿಗಿಮಾಡುತ್ತದೆ. ಇವತ್ತು ಬೈಕ್, ನಾಳೆ ಮಂಡಿ, ನಾಡಿದ್ದು ಮದುವೆ ಮನೆ. ಚಿಕಿತ್ಸೆ ತಡವಾದಷ್ಟೂ ಓಡಾಡುವ ಜಾಗ ಕುಗ್ಗುತ್ತಾ ಹೋಗುವುದನ್ನು ನೋಡಿದ್ದೇನೆ. ನಿಮ್ಮ ಕಾಗದದಲ್ಲಿ ನನಗೆ ಹೆಚ್ಚು ಕಳವಳವಾದದ್ದು ಎದೆ ಬಡಿತದ ಬಗ್ಗೆ ಅಲ್ಲ, ಒಬ್ಬರೇ ಮಂಡಿಗೆ ಹೋಗಲು ಹೆದರುತ್ತಾರೆ ಎಂಬ ಸಾಲಿನ ಬಗ್ಗೆ.

ಹಾರ್ಮೋನ್ ಪರೀಕ್ಷೆ ವಿಷಯ ಬೇಗ ಮುಗಿಸುತ್ತೇನೆ. ಕಾರ್ಟಿಸಾಲ್ ಬೇಡ. ಅದು ಬೆಳಗ್ಗೆ ಎದ್ದ ಮುಕ್ಕಾಲು ಗಂಟೆಯೊಳಗೆ ಏರಿ, ನಡುರಾತ್ರಿಗೆ ತಳಮುಟ್ಟುವ ಹಾರ್ಮೋನ್. ಒಂದು ಹೊತ್ತಿನ ಅಂಕಿ ಹಿಡಿದು "ಸ್ಟ್ರೆಸ್ ಜಾಸ್ತಿ ಇದೆ" ಎನ್ನಲಾಗದು. ಪ್ಯಾನಿಕ್ ಅಟ್ಯಾಕ್ ನಡೆಯುವಾಗಲೂ ಎಷ್ಟೋ ಸಲ ಅದು ಹೇಳಿಕೊಳ್ಳುವಷ್ಟು ಏರುವುದಿಲ್ಲ. ಅಡ್ರಿನಲ್ ಗ್ರಂಥಿಯದೇ ಕಾಯಿಲೆಗಳ ಅನುಮಾನವಿದ್ದರೆ ವೈದ್ಯರೇ ಕೇಳುತ್ತಾರೆ. ಮನಸ್ಸಿನ ಹದಕ್ಕೆ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕದ ಪರೀಕ್ಷೆಯಂತೂ ದುಡ್ಡು ದಂಡ. ಮೈಯ ಸೆರೊಟೋನಿನ್‌ನ ಬಹುಪಾಲು ಇರುವುದು ಕರುಳಿನಲ್ಲಿ, ರಕ್ತದ ಲೆಕ್ಕ ಮಿದುಳಿನ ಲೆಕ್ಕ ಹೇಳುವುದಿಲ್ಲ.

ಆದರೆ ಥೈರಾಯ್ಡ್ ಮಾಡಿಸಿ, ಆಗಲೇ ಮಾಡಿಸಿಲ್ಲದಿದ್ದರೆ. ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಹೃದಯ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಕೈ ನಡುಕ, ಸೆಕೆ ತಡೆಯದಿರುವುದು, ನಿದ್ದೆಯಲ್ಲೂ ನಾಡಿ ಇಳಿಯದಿರುವುದು ಅದರ ಸೂಚನೆ. ಜೋರು ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆಯೇ ಎಂದು ನೀವೇ ಗಮನಿಸಿ. ಅದು ಸ್ಲೀಪ್ ಆಪ್ನಿಯ ಆಗಿರಬಹುದು, ಅದರಲ್ಲೂ ಜನ ಹೀಗೇ ಉಸಿರುಕಟ್ಟಿ ಏಳುತ್ತಾರೆ. ಬಡಿತ ಸ್ವಿಚ್ ಹಾಕಿದ ಹಾಗೆ ಶುರುವಾಗಿ ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ ಎಂದರೆ ಹೃದಯದ ಲಯದ ತೊಂದರೆ ಇರಬಹುದು. ಆಗ ಇಡೀ ದಿನದ ಇಸಿಜಿ ಬೇಕಾಗುತ್ತದೆ. ಅಟ್ಯಾಕ್ ಬಂದಾಗ ಬಿಪಿ ವಿಪರೀತ ಏರಿ ಜೊತೆಗೆ ತಲೆ ಸಿಡಿಯುತ್ತದೆ ಎಂದರೂ ವೈದ್ಯರಿಗೆ ಹೇಳಿ. ಬಹಳ ಅಪರೂಪವಾಗಿ ಅಡ್ರಿನಲ್ ಗ್ರಂಥಿಯ ಒಳತಿರುಳಿನ ಗೆಡ್ಡೆ ಹಾಗೆ ಮಾಡುತ್ತದೆ. ಇನ್ನು, ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಿದರೆ, ಎಚ್ಚರ ತಪ್ಪಿದರೆ, ಅಥವಾ ನೋವು ಹಿಂದಿನ ಸಲಗಳ ಹಾಗಿಲ್ಲದೆ ಬೇರೆ ಥರ ಇದ್ದರೆ, ಈ ಲೇಖನ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ. ಪ್ಯಾನಿಕ್ ಇರುವವರಿಗೆ ಹೃದಯದ ಕಾಯಿಲೆ ಬರುವುದೇ ಇಲ್ಲ ಎಂದೇನೂ ಇಲ್ಲ. ಮೊದಲ ರಾತ್ರಿ ನೀವು ಓಡಿದ್ದು ಸರಿಯಾಗಿಯೇ ಇತ್ತು.

ಕಾಗದದಲ್ಲಿ ಬರೆಯದೇ ಇರುವ ಕೆಲವನ್ನೂ ಕೇಳಬೇಕು. ದಿನಕ್ಕೆ ಎಷ್ಟು ಕಾಫಿ? ಮಂಡಿಯಲ್ಲಿ ಕೂತರೆ ಬಂದವರ ಜೊತೆಗೆಲ್ಲ ಒಂದೊಂದು ಲೋಟ ಆಗುತ್ತದೆ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ, ಪ್ಯಾನಿಕ್ ಇರುವವರಿಗೆ ಅದು ಬೇರೆಯವರಿಗಿಂತ ಜಾಸ್ತಿ ತಾಗುತ್ತದೆ. ಎಲೆಅಡಿಕೆ ಹಾಕುತ್ತಾರಾ? ಅಡಿಕೆಯ ಅರೆಕೋಲಿನ್ ಸಹ ಇದೇ ನರಮಂಡಲವನ್ನು ಕೆಣಕುತ್ತದೆ. ಮೊದಲ ಸಲ ಅಡಿಕೆ ಅಗಿದವರಿಗೆ ಮೈ ಬಿಸಿಯೇರಿ, ಬೆವರಿ, ಎದೆ ಹೊಡೆದುಕೊಳ್ಳುವುದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಇನ್ನೊಂದು, ಬೇಸರ ಮಾಡಿಕೊಳ್ಳಬೇಡಿ, ಸಂಜೆ ಹೊತ್ತು ಒಂದೆರಡು ಪೆಗ್ ಅಭ್ಯಾಸ ಇದೆಯಾ? ಮದ್ಯ ಮೊದಲು ನರಗಳನ್ನು ಮಲಗಿಸುತ್ತದೆ. ಮೂರ್ನಾಲ್ಕು ಗಂಟೆ ಕಳೆದು ಅದು ಇಳಿಯುವಾಗ ಅದುಮಿಟ್ಟ ನರಗಳು ಚಿಮ್ಮುತ್ತವೆ. ರಾತ್ರಿ ಎರಡು ಗಂಟೆ ಎಂದರೆ ಸರಿಯಾಗಿ ಆ ಹೊತ್ತು.

ಈಗ ಆ ಸಣ್ಣ ಮಾತ್ರೆ. ಹೆಸರು ಬರೆದಿಲ್ಲ, ಆದರೆ ಅಲ್ಪ್ರಜೋಲಂ ಅಥವಾ ಅದರ ಬಳಗದ್ದು ಇರಬೇಕು ಎಂದು ನನ್ನ ಊಹೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಡುವಂತಿಲ್ಲ. ಮಿದುಳಿನ ಬ್ರೇಕ್ ಆಗಿ ಕೆಲಸ ಮಾಡುವ ಗಾಬಾ ಎಂಬ ರಾಸಾಯನಿಕಕ್ಕೆ ಅದು ಬಲ ಕೊಡುತ್ತದೆ. ಕೆಲಸ ಮಾಡುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಬೇರೆ. ನುಂಗಿದ ಮಾತ್ರೆ ರಕ್ತಕ್ಕೆ ಸೇರಿ ಪೂರಾ ಹಿಡಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಅಟ್ಯಾಕ್ ತಾನಾಗಿಯೇ ಮುಗಿದಿರುತ್ತದೆ. ಹೆಸರು ಮಾತ್ರ ಮಾತ್ರೆಗೆ! ಆಮೇಲೆ ಅದು ಜೇಬಿನಲ್ಲಿಲ್ಲದೆ ಹೊಸಿಲು ದಾಟಲು ಆಗುವುದಿಲ್ಲ. ದಿನಾ ತೆಗೆದುಕೊಂಡರೆ ಕೆಲವು ವಾರಗಳಲ್ಲೇ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಾಗಾಗಿದ್ದರೆ ಇದನ್ನು ಓದಿ ಗಾಬರಿಯಿಂದ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಮದ್ಯದ ಜೊತೆಗಂತೂ ಬೇಡವೇ ಬೇಡ.

ನಿಜವಾದ ಚಿಕಿತ್ಸೆ ಎರಡು ಬಗೆ, ಒಂದೊಂದಾಗಿಯೂ ಕೊಡಬಹುದು, ಸೇರಿಸಿಯೂ ಕೊಡಬಹುದು. ಎಸಿಟಲೋಪ್ರಾಂ, ಸರ್ಟ್ರಲಿನ್ ಥರದ ಮಾತ್ರೆಗಳು ಆ ಚುರುಕು ನಾಯಿಯನ್ನು ನಿಧಾನಕ್ಕೆ ಪಳಗಿಸುತ್ತವೆ. ಪರಿಣಾಮ ಕಾಣಲು ಮೂರು ನಾಲ್ಕು ವಾರ ಬೇಕು. ಮೊದಲ ವಾರ ಚಡಪಡಿಕೆ ಸ್ವಲ್ಪ ಹೆಚ್ಚಾಗಬಹುದು, ಅದಕ್ಕೇ ಸಣ್ಣ ಪ್ರಮಾಣದಲ್ಲಿ ಶುರು ಮಾಡುತ್ತೇವೆ. ಇದನ್ನು ಮುಂಚೆಯೇ ಹೇಳದಿದ್ದರೆ ಜನ ನಾಲ್ಕನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಇದು ಚಟ ಹಿಡಿಸುವ ಮಾತ್ರೆಯಲ್ಲ. ಇನ್ನೊಂದು ಬಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಹೆಸರು ಮಾತಿನದ್ದಾದರೂ ಅದರಲ್ಲಿ ಮೈಗೇ ಕೆಲಸ ಜಾಸ್ತಿ. ಹೆದರಿಸುವ ಲಕ್ಷಣವನ್ನು ಬೇಕೆಂದೇ ಬರಿಸುತ್ತಾರೆ. ತಿರುಗುವ ಕುರ್ಚಿಯಲ್ಲಿ ಸುತ್ತಿಸಿ ತಲೆ ತಿರುಗಿಸುವುದು, ನಿಂತಲ್ಲೇ ಓಡಿಸಿ ಎದೆ ಬಡಿತ ಏರಿಸುವುದು, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸುವುದು. ಹತ್ತು ಸಲ ಬಡಿತ ಏರಿ, ಹತ್ತು ಸಲವೂ ಏನೂ ಆಗದೆ ಇಳಿದರೆ, "ಬಡಿತ ಎಂದರೆ ಸಾವು" ಎಂದು ಕಲಿತ ಮಿದುಳು "ಬಡಿತ ಎಂದರೆ ಬರೀ ಬಡಿತ" ಎಂದು ಕಲಿಯುತ್ತದೆ. ಹೃದಯ ಸರಿಯಿದೆ ಎಂದು ಖಚಿತವಾದ ಮೇಲೆ, ತರಬೇತಿ ಇರುವವರ ಎದುರು ಮಾಡಬೇಕು.

ಅಟ್ಯಾಕ್ ಬಂದಾಗ ಉಸಿರು ಬಿಡುವುದನ್ನು ಉದ್ದ ಮಾಡಲಿ. ಒಂದು, ಎರಡು, ಮೂರು ಎಣಿಸುತ್ತ ಎಳೆದು, ಆರರವರೆಗೆ ಎಣಿಸುತ್ತ ಬಿಡುವುದು. ಇದು ಸುಮ್ನೆ ಸಮಾಧಾನದ ಮಾತಲ್ಲ. ಈಗಲೇ ನಿಮ್ಮ ಮಣಿಕಟ್ಟಿನ ನಾಡಿ ಹಿಡಿದು ಆಳವಾಗಿ ಉಸಿರಾಡಿ ನೋಡಿ. ಎಳೆಯುವಾಗ ನಾಡಿ ತುಸು ಬೇಗ, ಬಿಡುವಾಗ ತುಸು ನಿಧಾನ. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಲಗಾಮು ಎಳೆಯುತ್ತದೆ. ಹೆಸರು ವೇಗಸ್ ಆದರೂ ಕೆಲಸ ವೇಗ ಇಳಿಸುವುದು! ಈ ನರ ಒಂದು ರಾಸಾಯನಿಕ ಸುರಿಸಿ ಹೃದಯವನ್ನು ನಿಧಾನ ಮಾಡುತ್ತದೆ ಎಂದು ಕಪ್ಪೆಯ ಹೃದಯದಲ್ಲಿ ತೋರಿಸಿದವರು ಆಸ್ಟ್ರಿಯಾದಲ್ಲಿ ಕೆಲಸ ಮಾಡುತ್ತಿದ್ದ ಒಟ್ಟೊ ಲೋವಿ. ಅದು ಪ್ರಕಟವಾದದ್ದು 1921ರಲ್ಲಿ. ಅವರೇ ಹೇಳಿಕೊಂಡಂತೆ ಆ ಪ್ರಯೋಗ ಹೊಳೆದದ್ದು ಕನಸಿನಲ್ಲಿ. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು, ಬೆಳಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ಕನಸು. ಈ ಸಲ ನೇರ ಪ್ರಯೋಗಾಲಯಕ್ಕೇ ಓಡಿದರು. ನಡುರಾತ್ರಿ ದಡಕ್ಕನೆ ಏಳುವವರಲ್ಲಿ ಇಂಥವರೂ ಇದ್ದಾರೆ ಎಂದು ನಿಮ್ಮ ಯಜಮಾನರಿಗೆ ಹೇಳಿ.

ಒಂದು ಎಚ್ಚರಿಕೆ ಮಾತ್ರ. ಉಸಿರಿನ ಅಭ್ಯಾಸವನ್ನು ಅಟ್ಯಾಕ್ ಓಡಿಸುವ ಮಂತ್ರ ಎಂದುಕೊಂಡರೆ, ಓಡದಿದ್ದಾಗ ಗಾಬರಿ ಇಮ್ಮಡಿಯಾಗುತ್ತದೆ. "ಬಂದಿದ್ದೀಯ, ಇಪ್ಪತ್ತು ನಿಮಿಷ ಇದ್ದು ಹೋಗು" ಎಂದು ಜಗಲಿಯಲ್ಲಿ ಕೂರಿಸಿದರೆ ಸಾಕು. ತಲೆ ತಿರುಗಿ ಬಿದ್ದುಬಿಡುತ್ತೇನೆ ಎಂಬ ಭಯ ಇದ್ದರೆ ಇದ್ದದ್ದು ಹೇಳಿ: ಎಚ್ಚರ ತಪ್ಪುವುದು ಸಾಮಾನ್ಯವಾಗಿ ಬಿಪಿ ಬಿದ್ದಾಗ, ಪ್ಯಾನಿಕ್‌ನಲ್ಲಿ ಬಿಪಿ ಏರಿರುತ್ತದೆ.

ಯಾರ ಬಳಿ ಹೋಗುವುದು? ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. ತುಮಕೂರಿಗೆ ಹೋದರೂ ಆಯಿತು. ಹೋಗಲು ಅವರು ಹಿಂದೆಮುಂದೆ ನೋಡುತ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ಹುಚ್ಚರ ಡಾಕ್ಟ್ರ ಹತ್ರ ಯಾಕೆ?" ಎಂದರೆ, ಅಡ್ರಿನಲಿನ್ ಡಾಕ್ಟ್ರ ಹತ್ರ ಎನ್ನಿ. ನನಗೇನೂ ಬೇಸರವಿಲ್ಲ.

ನಿಮ್ಮತ್ತೆಯವರನ್ನು ತಡೆಯಬೇಡಿ. ಮಗ ಒದ್ದಾಡುವಾಗ ತಾಯಿಗೆ ಏನಾದರೂ ಮಾಡಬೇಕೆನಿಸುತ್ತದೆ, ಹತ್ತಿರ ಬಂದು ಕೂತದ್ದೇ ಎಷ್ಟೋ ಆಗುತ್ತದೆ. ಉಪ್ಪು, ಪರಕೆ ಕಡ್ಡಿ ಏನಾದರೂ ನಿವಾಳಿಸಲಿ. ಮೆಣಸಿನಕಾಯಿ ಮಾತ್ರ ಆ ಹೊತ್ತಲ್ಲಿ ಒಲೆಗೆ ಹಾಕುವುದು ಬೇಡ. ಆಗಲೇ ಉಸಿರಿಗೆ ಒದ್ದಾಡುತ್ತಿರುವವರ ಮೂಗಿಗೆ ಆ ಘಾಟು ಹೊಡೆದರೆ ಕೆಮ್ಮು, ಕೆಮ್ಮಿನಿಂದ ಏದುಸಿರು, ಮತ್ತೆ ಅದೇ ಸುತ್ತು.

ಇನ್ನು ಮಂಡಿ. ವೈದ್ಯರನ್ನು ಕಂಡು ಚಿಕಿತ್ಸೆ ಶುರುವಾದ ಮೇಲೆ, ಹರಾಜಿನ ದಿನ ನೀವೂ ಜೊತೆಗೆ ಹೋಗಿ. ಮುಂದಿನ ಸಲ ಬಸ್ ಸ್ಟ್ಯಾಂಡ್‌ವರೆಗೆ ಹೋಗಿ ವಾಪಸ್ ಬನ್ನಿ. ಅದರ ಮುಂದಿನ ಸಲ ಬಾಗಿಲಲ್ಲೇ ಬೀಳ್ಕೊಡಿ. ಅರ್ಧ ಗಂಟೆ ಬಿಟ್ಟು ಫೋನ್ ಮಾಡಲು ಕೈ ತುರಿಸುತ್ತದೆ, ಗೊತ್ತು. ಮಾಡಿ, ಪರವಾಗಿಲ್ಲ. ಆದರೆ "ಹುಷಾರಾಗಿದ್ದೀರಾ, ಎದೆ ಹೆಂಗಿದೆ?" ಎಂದು ಕೇಳಬೇಡಿ. ಇವತ್ತು ಕೊಬ್ಬರಿ ರೇಟು ಎಷ್ಟು ಎಂದು ಕೇಳಿ.